ಮುಂದೊಗಲ ಆರೋಗ್ಯ: ಕತ್ತರಿಯ ವಾದಕ್ಕೆ ಮೊದಲು ತಿಳಿಯಬೇಕಾದದ್ದು

ಗಂಡುಕೂಸಿನ ಮುಂದೊಗಲನ್ನು, ಅಂದರೆ ಶಿಶ್ನದ ತುದಿಯನ್ನು ಮುಚ್ಚುವ ತೊಗಲನ್ನು, ಹಿಂದಕ್ಕೆ ಸರಿಸಿ ತೊಳೆಯಬೇಕೋ ಬೇಡವೋ? ಹುಬ್ಬಳ್ಳಿಯ ನಾಲ್ಕು ಮನೆಗಳಲ್ಲಿ ಕೇಳಿದರೆ ನಾಲ್ಕು ಉತ್ತರ ಸಿಗುತ್ತವೆ. ಒಂದು ಮನೆಯ ಅಜ್ಜಿ ದಿನಾ ಎಣ್ಣೆ ಹಚ್ಚಿ ಜಗ್ಗಬೇಕು ಎನ್ನುತ್ತಾರೆ. ಪಕ್ಕದ ಮನೆಯವರು ಮುಟ್ಟಲೇಬಾರದು ಎನ್ನುತ್ತಾರೆ. ಮೂರನೆಯ ಮನೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಮಗ ಶಾಲೆಗೆ ಹೋಗುವ ಹೊತ್ತಿಗೆ ಖತ್ನಾ, ಅಂದರೆ ಮುಂದೊಗಲನ್ನು ಕತ್ತರಿಸಿ ತೆಗೆಯುವ ಸುನ್ನತಿ, ಆಗಿರುತ್ತದೆ. ನಾಲ್ಕನೆಯ ಮನೆಯ ಮಗ-ಸೊಸೆ ಅಮೆರಿಕದಲ್ಲಿದ್ದಾರೆ. ಅಲ್ಲಿ ಹೆರಿಗೆಯಾದ ಮರುದಿನವೇ ಆಸ್ಪತ್ರೆಯವರು 'ಸುನ್ನತಿ ಮಾಡಿಸುತ್ತೀರಾ' ಎಂದು ಕೇಳಿದ್ದಾರೆ, ಏನು ಹೇಳಬೇಕೆಂದು ತಿಳಿಯದೆ ಅವರು ಊರಿಗೆ ಫೋನ್ ಮಾಡಿದ್ದಾರೆ.

ಈ ನಾಲ್ಕೂ ಮನೆಯವರು ಈ ವಿಷಯವನ್ನು ಒಬ್ಬರೊಡನೊಬ್ಬರು ಆಡುವುದಿಲ್ಲ. ಅಪ್ಪಿತಪ್ಪಿ ಮಾತು ಬಂದರೂ ಅದು ಆರೋಗ್ಯದ ಮಾತಾಗಿ ಉಳಿಯುವುದಿಲ್ಲ, ಎರಡನೆಯ ವಾಕ್ಯಕ್ಕೇ ಧರ್ಮದ ವಾದವಾಗುತ್ತದೆ. ಸುನ್ನತಿಯಾದವರೇ ಸ್ವಚ್ಛ ಎಂದು ಒಬ್ಬರು, ದೇವರು ಕೊಟ್ಟದ್ದನ್ನು ಕತ್ತರಿಸುವುದೇ ತಪ್ಪು ಎಂದು ಇನ್ನೊಬ್ಬರು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಾದದಲ್ಲಿ ಯಾರು ಗೆದ್ದರೂ ನಮ್ಮ ಕಡೆಯ ಗಂಡುಮಕ್ಕಳ ತೊಂದರೆ ಕಡಿಮೆಯಾಗದು. ಆ ತೊಂದರೆಗಳು ಹುಟ್ಟುವ ಜಾಗಗಳೇ ಬೇರೆ: ಕೂಸಿನ ಬಚ್ಚಲುಮನೆ, ಸಂಕೋಚಕ್ಕೆ ಮುಚ್ಚಿಟ್ಟ ಉರಿ, ತಪಾಸಣೆಯಾಗದ ಸಕ್ಕರೆ ಕಾಯಿಲೆ, ಕುದಿಸದ ಉಪಕರಣ.

ಬಚ್ಚಲುಮನೆಯಲ್ಲಿ ಆಗುವ ಗಾಯ

ಕೂಸಿಗೆ ಎರೆಯುವಾಕೆ ಮಣೆಯ ಮೇಲೆ ಕಾಲು ಚಾಚಿ ಕುಳಿತಿರುತ್ತಾಳೆ. ಕೂಸು ಅವಳ ಮೊಣಕಾಲುಗಳ ಮೇಲೆ ಮಲಗಿರುತ್ತದೆ. ಪಕ್ಕದಲ್ಲಿ ಹಂಡೆಯ ಬಿಸಿನೀರು, ಬಟ್ಟಲಲ್ಲಿ ಬೆಚ್ಚಗೆ ಮಾಡಿದ ಎಣ್ಣೆ. ಕೈಕಾಲು ತಿಕ್ಕಿ, ಮೂಗು ತಿದ್ದಿ, ತಲೆ ದುಂಡಗಾಗಲೆಂದು ಒತ್ತಿದ ಮೇಲೆ ಎರಡು ಬೆರಳಿಗೆ ಎಣ್ಣೆ ಹಚ್ಚಿಕೊಂಡು ಕೂಸಿನ ಮುಂದೊಗಲನ್ನು ಹಿಂದಕ್ಕೆ ಎಳೆಯುತ್ತಾಳೆ. 'ದಿನಾ ಒಂಚೂರು ಜಗ್ಗಬೇಕವಾ, ಇಲ್ಲಾಂದ್ರ ಮುಂದ ಕೂಡಿ ಹೋಗತೈತಿ' ಎಂದು ಬಾಣಂತಿಗೂ ಹೇಳಿಕೊಡುತ್ತಾಳೆ. ಕೂಸು ಕಿಟಾರನೆ ಕಿರುಚುತ್ತದೆ. ಎರೆಯುವಾಗ ಕೂಸು ಅಳುವುದು ಸಹಜವೆಂದು ಯಾರೂ ಅದನ್ನು ಗಮನಿಸುವುದಿಲ್ಲ.

ಪ್ರೀತಿಯಿಂದ ಮಾಡುವ ಕೆಲಸವಿದು, ಕೆಟ್ಟ ಉದ್ದೇಶ ಯಾರಲ್ಲೂ ಇಲ್ಲ. ಆದರೆ ಆಗುವ ಹಾನಿ ನಿಜವಾದದ್ದು. ಹುಟ್ಟಿದ ಗಂಡುಕೂಸಿನ ಮುಂದೊಗಲಿನ ಒಳಪದರ, ಉಗುರು ಬೆರಳಿಗೆ ಅಂಟಿಕೊಂಡಿರುವ ಹಾಗೆ, ಶಿಶ್ನದ ತುದಿಗೆ ಅಂಟಿಕೊಂಡಿರುತ್ತದೆ. ಅದು ರೋಗವಲ್ಲ, ಬೆಳವಣಿಗೆಯ ಒಂದು ಹಂತ. ಬ್ರಿಟನ್ನಿನ ಮಕ್ಕಳ ವೈದ್ಯ ಡಗ್ಲಾಸ್ ಗೇರ್ಡ್ನರ್ 1949ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ಪ್ರಕಾರ ಹುಟ್ಟಿದಾಗ ಪೂರ್ತಿ ಹಿಂದೆ ಸರಿಯುವ ಮುಂದೊಗಲು ಇದ್ದದ್ದು ಶೇ. 4ರಷ್ಟು ಕೂಸುಗಳಿಗೆ ಮಾತ್ರ. ಡೆನ್ಮಾರ್ಕಿನ ಯಾಕೊಬ್ ಊಸ್ಟರ್ ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಕೊಟ್ಟ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. 6-7 ವರ್ಷದ ಹುಡುಗರಲ್ಲಿ ಶೇ. 8ರಷ್ಟು ಮಂದಿಗೆ ಬಿಗಿ ಇತ್ತು, 16-17ರ ಹೊತ್ತಿಗೆ ಅದು ಶೇ. 1ಕ್ಕೆ ಇಳಿದಿತ್ತು. ನಡುವಿನ ಹತ್ತು ವರ್ಷಗಳಲ್ಲಿ ಹೆಚ್ಚಿನವರಿಗೆ ಯಾರ ಸಹಾಯವೂ ಬೇಕಾಗಿರಲಿಲ್ಲ. ಬೆಳವಣಿಗೆ, ಹಾರ್ಮೋನು, ಆಗಾಗ ತಾನಾಗಿ ಆಗುವ ನಿಮಿರುವಿಕೆ, ಇವೇ ಆ ಅಂಟನ್ನು ಬಿಡಿಸುತ್ತವೆ.

ಬಲವಂತದಿಂದ ಎಳೆದಾಗ ತೊಗಲಿನ ಅಂಚು ಸಣ್ಣದಾಗಿ ಹರಿಯುತ್ತದೆ. ಹರಿದದ್ದು ಮಾಯುವಾಗ ಕಲೆಗಟ್ಟಿ ಗಡುಸಾಗುತ್ತದೆ. ಗಡುಸಾದ ಉಂಗುರ ಮತ್ತೆ ಹಿಗ್ಗುವುದಿಲ್ಲ. ಹೀಗೆ, ಮುಂದೆ ಕೂಡಿ ಹೋಗದಿರಲೆಂದು ಮಾಡಿದ ಕೆಲಸವೇ ನಿಜವಾದ ಫೈಮೋಸಿಸ್‌ಗೆ, ಅಂದರೆ ಮುಂದೊಗಲು ಹಿಂದೆ ಸರಿಯದಂತೆ ಬಿಗಿಯಾಗುವ ಸ್ಥಿತಿಗೆ, ಕಾರಣವಾಗುತ್ತದೆ. ಆಮೇಲೆ ಅದೇ ಮಗುವಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇದು ಹೊಸ ಕಾಲದ ವೈದ್ಯರ ಕಂಡುಹಿಡಿತವೇನೂ ಅಲ್ಲ. ಸುಶ್ರುತ ಸಂಹಿತೆಯ ಕ್ಷುದ್ರರೋಗಗಳ ಪಟ್ಟಿಯಲ್ಲಿ ಮುಂದೊಗಲಿನ ಮೂರು ತೊಂದರೆಗಳಿವೆ. ಬಿಗಿದುಕೊಂಡು ಮೂತ್ರಕ್ಕೆ ಅಡ್ಡಿಯಾಗುವುದು ನಿರುದ್ಧಪ್ರಕಶ, ಹಿಂದೆ ಸರಿದು ಸಿಕ್ಕಿಕೊಂಡು ಬಾವು ಬರುವುದು ಪರಿವರ್ತಿಕಾ, ಒತ್ತಡದಿಂದಲೋ ಬಲವಂತದಿಂದಲೋ ಹರಿಯುವುದು ಅವಪಾಟಿಕಾ. ಬಿಗಿದುಕೊಂಡದ್ದಕ್ಕೆ ಸುಶ್ರುತ ಮೊದಲು ಹೇಳುವುದು ಎರಡೂ ಕಡೆ ತೆರೆದ ನಳಿಕೆಗೆ ತುಪ್ಪ ಸವರಿ ದಿನಗಳ ಅಂತರದಲ್ಲಿ ನಿಧಾನಕ್ಕೆ ಹಿಗ್ಗಿಸುವ ಕ್ರಮ. ಎಳೆದು ಹರಿಯುವುದನ್ನು ರೋಗವೆಂದು ಗುರುತಿಸಿದ ಪರಂಪರೆಯ ನಾಡಿನಲ್ಲಿ ಎಳೆಯುವುದೇ ಪದ್ಧತಿಯಾಗಿ ಉಳಿದಿರುವುದು ಬೇಸರದ ಸಂಗತಿ.

ತಾಯಂದಿರನ್ನು ಹೆದರಿಸುವ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ತೊಗಲಿನಡಿ ಕಾಣುವ ಬಿಳಿ ಗಂಟು. ಕೀವು ತುಂಬಿದೆ ಎಂದು ಗಾಬರಿಯಾಗಿ ಕರೆತರುತ್ತಾರೆ. ಅಂಟು ಬಿಡುವಾಗ ಉದುರಿದ ಸತ್ತ ಜೀವಕೋಶಗಳು ಅಲ್ಲಿ ಮುದ್ದೆಯಾಗಿರುತ್ತವೆ ಅಷ್ಟೇ. ನೋವು, ಕೆಂಪು, ಜ್ವರ ಇಲ್ಲದಿದ್ದರೆ ಅದು ತಾನಾಗಿ ಹೊರಬರುತ್ತದೆ. ಎರಡನೆಯದು, ಉಚ್ಚೆ ಹೊಯ್ಯುವಾಗ ತುದಿಯ ತೊಗಲು ಉಬ್ಬುವುದು. ಸ್ವಲ್ಪ ಉಬ್ಬಿ ಧಾರೆ ಸರಾಗ ಬರುತ್ತಿದ್ದರೆ ಕಾಯಬಹುದು. ತಿಣುಕಿದರೆ, ಹನಿಹನಿಯಾಗಿ ಬಂದರೆ, ಪದೇಪದೇ ಜ್ವರ ಬಂದರೆ, ತುದಿ ಬೆಳ್ಳಗೆ ಗಡುಸಾಗಿ ಕಂಡರೆ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ಅಂಥ ಹೊತ್ತಿನಲ್ಲೂ ಕತ್ತರಿಯೇ ಮೊದಲ ಉಪಾಯವಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಬೀಟಾಮೆಥಸೋನ್‌ನಂಥ ಸ್ಟೆರಾಯ್ಡ್ ಮುಲಾಮನ್ನು ನಾಲ್ಕರಿಂದ ಎಂಟು ವಾರ ಹಚ್ಚಿದರೆ ಹೆಚ್ಚಿನ ಮಕ್ಕಳಲ್ಲಿ ಬಿಗಿ ಸಡಿಲವಾಗುತ್ತದೆ. 'ಟೈಟ್ ಐತಿ, ಕೊಯ್ದ ಬಿಡೋಣು' ಎಂದು ಮೊದಲ ಭೇಟಿಯಲ್ಲೇ ದಿನ ಗೊತ್ತು ಮಾಡುವವರು ಸಿಕ್ಕರೆ, ಮುಲಾಮು ಹಚ್ಚಿ ನೋಡಬಹುದೇ ಎಂದು ಕೇಳುವ ಹಕ್ಕು ತಂದೆತಾಯಿಗಿದೆ.

ಉರಿ, ತುರಿಕೆ, ಸಕ್ಕರೆ

ದೊಡ್ಡವರಲ್ಲಿ ಕಥೆ ಬೇರೆ. ಹಾವೇರಿ ಕಡೆಯಿಂದ ಬಂದ ಐವತ್ತರ ಆಸುಪಾಸಿನ ರೈತರೊಬ್ಬರು ಹುಬ್ಬಳ್ಳಿಯ ವೈದ್ಯರ ಮುಂದೆ ಕುಳಿತಾಗ ನಡೆಯುವ ಮಾತುಕತೆ ಸುಮಾರು ಹೀಗಿರುತ್ತದೆ.

'ಏನ್ ತ್ರಾಸ್ ಐತ್ರಿ ಯಜಮಾನ್ರ?'

'ಅದ... ಉರಿತೈತ್ರಿ ಸಾಹೇಬ್ರ. ಕೆಳಗ.'

'ಎಷ್ಟ್ ದಿನಾ ಆತ್ರಿ?'

'ಉಗಾದಿ ಮುಂದಿಂದ ಐತ್ರಿ. ಮೆಡಿಕಲ್ ಅಂಗಡ್ಯಾಗ ಒಂದ್ ಟ್ಯೂಬ್ ಕೊಟ್ಟಿದ್ರು, ಹಚ್ಚಿದಾಗಷ್ಟ ಕಡಿಮಿ ಆಗತೈತ್ರಿ.'

'ಸಕ್ರಿ ಬ್ಯಾನಿ ಐತೇನ್ರಿ?'

'ಇಲ್ರಿ, ನಮ್ಮ ಮನಿತನದಾಗ ಯಾರಿಗೂ ಇಲ್ರಿ.'

ಬೆರಳ ತುದಿಯ ರಕ್ತ ತೆಗೆದು ನೋಡಿದರೆ ಸಕ್ಕರೆ ಮುನ್ನೂರು ದಾಟಿರುತ್ತದೆ. ಮುಂದೊಗಲಿನ ಅಂಚು ಸುತ್ತಲೂ ಸೀಳಿ, ಕೆಂಪಾಗಿ, ಮೊಸರಿನ ಬಣ್ಣದ ಪದರ ಕಟ್ಟಿರುತ್ತದೆ. ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ ಅಲ್ಲಿ ತೇವ, ಬೆಚ್ಚಗಿನ ಜಾಗ ಮತ್ತು ಊಟ ಮೂರೂ ಸಿಗುತ್ತವೆ. ಸೋಂಕಾಗಿ ಸೀಳುತ್ತದೆ, ಮಾಯುವಾಗ ಬಿಗಿಯಾಗುತ್ತದೆ, ಬಿಗಿಯಾದ್ದರಿಂದ ತೊಳೆಯಲಾಗುವುದಿಲ್ಲ, ತೊಳೆಯಲಾಗದ್ದರಿಂದ ಮತ್ತೆ ಸೋಂಕು. ನಡುವಯಸ್ಸಿನ ಗಂಡಸಿಗೆ ಹೊಸದಾಗಿ ಮುಂದೊಗಲು ಬಿಗಿಯತೊಡಗಿದರೆ ಮೊದಲು ಮಾಡಬೇಕಾದದ್ದು ರಕ್ತದ ಸಕ್ಕರೆಯ ಪರೀಕ್ಷೆ. ಎಷ್ಟೋ ಜನರಿಗೆ ಮಧುಮೇಹ ಇರುವುದು ಗೊತ್ತಾಗುವುದೇ ಈ ಸೀಳಿನಿಂದ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರ ಪಾದ, ಕಣ್ಣು, ಮೂತ್ರಪಿಂಡಗಳ ಬಗ್ಗೆ ಜಾಗೃತಿ ಫಲಕಗಳಿವೆ, ಈ ಭಾಗದ ಬಗ್ಗೆ ಒಂದು ಸಾಲೂ ನನಗೆ ಯಾವ ಫಲಕದಲ್ಲೂ ಕಂಡಿಲ್ಲ.

ಇದಕ್ಕೆ ಇತ್ತೀಚೆಗೆ ಇನ್ನೊಂದು ಕಾರಣ ಸೇರಿಕೊಂಡಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಗುಳಿಗೆಗಳು ರಕ್ತದ ಹೆಚ್ಚುವರಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಔಷಧಗಳು ಇವು. ಭಾರತದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದ್ದು 2025ರ ಮಾರ್ಚ್‌ನಲ್ಲಿ ಮುಗಿಯಿತು. ಬೆಲೆ ಧಡಕ್ಕನೆ ಇಳಿದು ಹಳ್ಳಿಯ ರೋಗಿಯ ಚೀಟಿಯಲ್ಲೂ ಈ ಹೆಸರುಗಳು ಕಾಣಿಸತೊಡಗಿದವು. ಬಡವರಿಗೆ ಒಳ್ಳೆಯ ಔಷಧ ಕೈಗೆಟುಕಿದ್ದು ಸಂತೋಷದ ಮಾತೇ. ಆದರೆ ಮೂತ್ರದಲ್ಲಿ ಸಕ್ಕರೆ ಹೋಗುವುದು ಅವುಗಳ ಕೆಲಸವೇ ಆದ್ದರಿಂದ ಜನನಾಂಗದ ಶಿಲೀಂಧ್ರ ಸೋಂಕು ಅವುಗಳ ಗೊತ್ತಿರುವ ಅಡ್ಡಪರಿಣಾಮ, ಸುನ್ನತಿಯಾಗದ ಗಂಡಸರಲ್ಲಿ ಇದು ಹೆಚ್ಚು. ಗುಳಿಗೆ ಬರೆಯುವಾಗ 'ಉಚ್ಚೆ ಹೊಯ್ದ ಮೇಲೆ ನೀರು ಹಾಕಿ ತೊಳೆದು ಒರೆಸಿಕೊಳ್ರಿ, ತುರಿಕೆ ಸುರುವಾದ್ರ ಕೂಡಲೇ ಬಂದು ತೋರಿಸ್ರಿ' ಎಂದು ಹೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಸಿಗದ ರೋಗಿ ನಾಚಿಕೆಯಿಂದ ಗುಳಿಗೆಯನ್ನೇ ಬಿಡುತ್ತಾನೆ, ಆಗ ಹೃದಯಕ್ಕೆ ಸಿಗಬೇಕಾದ ರಕ್ಷಣೆಯೂ ಹೋಗುತ್ತದೆ. ಅಪರೂಪಕ್ಕೆ ಆ ಭಾಗದಲ್ಲಿ ವಿಪರೀತ ನೋವು, ಬಾವು, ಜ್ವರ ಒಟ್ಟಿಗೆ ಬಂದರೆ ಅದು ಮಾಂಸ ಕೊಳೆಯುವ ಗಂಭೀರ ಸೋಂಕಾಗಿರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಆಗ ಬೆಳಗಿನ ತನಕ ಕಾಯಬಾರದು.

ಆ ರೈತರು ಹೇಳಿದ 'ಟ್ಯೂಬ್' ಕೂಡ ತೊಂದರೆಯ ಭಾಗವೇ. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಮುಲಾಮುಗಳಲ್ಲಿ ಬಹಳಷ್ಟು ಸ್ಟೆರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದವು. ಸ್ಟೆರಾಯ್ಡ್ ತುರಿಕೆಯನ್ನು ತಟ್ಟನೆ ಅಡಗಿಸುತ್ತದೆ, ಶಿಲೀಂಧ್ರ ಒಳಗೇ ಬೆಳೆಯುತ್ತದೆ, ತೊಗಲು ತೆಳ್ಳಗಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಅವು ಚೀಟಿಯಿಲ್ಲದೆ ಸಿಗುತ್ತವೆ. ಮಗುವಿನ ಬಿಗಿಗೆ ವೈದ್ಯರು ಅಳತೆ ಹೇಳಿ ಕೊಡುವ ಸ್ಟೆರಾಯ್ಡನ್ನೂ ಈ ಬೆರಕೆಯನ್ನೂ ಒಂದೇ ಎಂದು ತಿಳಿಯಬಾರದು.

ಇನ್ನೊಂದು ಸಂಗತಿ ಆಸ್ಪತ್ರೆಯೊಳಗೇ ಆಗುವಂಥದ್ದು. ವಯಸ್ಸಾದವರಿಗೆ ಮೂತ್ರದ ನಳಿಗೆ ಹಾಕುವಾಗ ಮುಂದೊಗಲನ್ನು ಹಿಂದೆ ಸರಿಸುತ್ತಾರೆ. ಮತ್ತೆ ಮುಂದಕ್ಕೆ ತರಲು ಮರೆತರೆ ಅದು ತುದಿಯ ಹಿಂದೆ ಉಂಗುರವಾಗಿ ಬಿಗಿದು, ತುದಿ ಊದಿಕೊಂಡು ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ. ಪ್ಯಾರಾಫೈಮೋಸಿಸ್ ಎನ್ನುವ ಈ ಸ್ಥಿತಿಯಲ್ಲಿ ಗಂಟೆಗಳ ಲೆಕ್ಕ ಮುಖ್ಯ. ಬೇಗ ಬಂದರೆ ವೈದ್ಯರು ಬಾವನ್ನು ಕೈಯಿಂದ ಒತ್ತಿ ಇಳಿಸಿ ತೊಗಲನ್ನು ಮುಂದಕ್ಕೆ ತರುತ್ತಾರೆ, ತಡವಾದರೆ ಕೊಯ್ಯಬೇಕಾಗುತ್ತದೆ. ಹಾಸಿಗೆ ಹಿಡಿದ ಅಪ್ಪನನ್ನೋ ಅಜ್ಜನನ್ನೋ ಮನೆಯಲ್ಲಿ ನೋಡಿಕೊಳ್ಳುವವರು ಮೈ ಒರೆಸುವಾಗ ಇದೊಂದನ್ನು ಗಮನಿಸಬೇಕು. ಹರೆಯದ ಹುಡುಗರಿಗೂ ಹೀಗಾಗುವುದುಂಟು, ಮನೆಯಲ್ಲಿ ಹೇಳಲು ನಾಚಿ ರಾತ್ರಿಯೆಲ್ಲ ನರಳುತ್ತಾರೆ.

ಸ್ವಚ್ಛತೆಯ ವಾದ

ಸುನ್ನತಿಯ ಪರವಾಗಿ ನಾವು ಹೆಚ್ಚಾಗಿ ಕೇಳುವ ಮಾತು ಸ್ವಚ್ಛತೆಯದು. ಅದರಲ್ಲಿ ಸತ್ಯಾಂಶವಿದೆ. ಮುಂದೊಗಲಿನಡಿ ಬೆವರು, ಮೂತ್ರದ ಹನಿ, ಸತ್ತ ಜೀವಕೋಶ ಸೇರಿ ಬಿಳಿ ಮಡ್ಡಿ ಕಟ್ಟುತ್ತದೆ, ತೊಳೆಯದೆ ಬಿಟ್ಟರೆ ವಾಸನೆ, ತುರಿಕೆ, ಉರಿಯೂತ. ತೊಗಲೇ ಇಲ್ಲದಿದ್ದರೆ ಆ ತಾಪತ್ರಯ ಇಲ್ಲ. ಆದರೆ ಸರಾಗವಾಗಿ ಹಿಂದೆ ಸರಿಯುವ ಮುಂದೊಗಲಿಗೆ ಬೇಕಾದದ್ದು ದಿನಕ್ಕೊಮ್ಮೆ ಎರಡು ತಂಬಿಗೆ ನೀರು ಮಾತ್ರ. ಸರಿಸಿ, ಬರೀ ನೀರಿನಿಂದ ತೊಳೆದು, ಒಣಗಿಸಿ, ಮತ್ತೆ ಮುಂದಕ್ಕೆ ತರಬೇಕು. ಡೆಟಾಲ್, ಖಾರವಾದ ಸೋಪು ಹಚ್ಚಿ ತಿಕ್ಕಿದರೆ ಅದರಿಂದಲೇ ಉರಿಯೂತವಾಗುತ್ತದೆ.

ಇಲ್ಲಿ ನಮ್ಮ ಊರುಗಳ ಮಾತು ಬರುತ್ತದೆ. ಮಲಪ್ರಭೆಯ ನೀರು ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಿಗೆ ದಿನಾ ಬರುವುದಿಲ್ಲ. 2008ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ ಹಗಲಿರುಳೂ ನೀರು ಕೊಡುವ ಪ್ರಯೋಗ ಸುರುವಾದಾಗ ದೇಶವೇ ತಿರುಗಿ ನೋಡಿತ್ತು, ಆದರೆ ಇಡೀ ಅವಳಿ ನಗರಕ್ಕೆ ಅದು ಇನ್ನೂ ಮುಟ್ಟಿಲ್ಲ. ಗದಗ-ಬೆಟಗೇರಿಯ ಬೇಸಿಗೆಯಂತೂ ಬ್ಯಾರಲ್ಲು, ಕೊಡಗಳ ಲೆಕ್ಕದ ಬೇಸಿಗೆ. ಕಟ್ಟಡ ಕೆಲಸದ ಶೆಡ್ಡಿನಲ್ಲಿ ಮಲಗುವ ಕೂಲಿಯವನಿಗೆ, ಹಾಸ್ಟೆಲಿನಲ್ಲಿ ಹತ್ತು ಮಂದಿಗೊಂದು ಬಚ್ಚಲಿರುವ ಹುಡುಗನಿಗೆ ಬಾಗಿಲು ಹಾಕಿಕೊಂಡು ನಿಧಾನಕ್ಕೆ ತೊಳೆದುಕೊಳ್ಳುವ ಜಾಗವೇ ಇಲ್ಲ. ಅವರ ಸಮಸ್ಯೆಯನ್ನು ಮುಂದೊಗಲಿನ ಕೊಳಕು ಎಂದು ಕರೆಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ನೀರು, ಬಾಗಿಲಿರುವ ಬಚ್ಚಲು, ಹೇಗೆ ತೊಳೆಯಬೇಕೆಂದು ಹೇಳಿಕೊಡುವ ಒಬ್ಬ ಹಿರಿಯ, ಇವು ಸಿಗದವನಿಗೆ ಕತ್ತರಿ ಮಾತ್ರ ಸಿಗಬೇಕೇ? ಹೆಣ್ಣುಮಕ್ಕಳಿಗೆ ಋತುಸ್ರಾವದ ಬಗ್ಗೆ ಶಾಲೆಯಲ್ಲಿ ಒಂದಷ್ಟಾದರೂ ಹೇಳುವ ಕಾಲ ಬಂದಿದೆ. ಹನ್ನೆರಡು ಹದಿಮೂರರ ಗಂಡುಹುಡುಗನಿಗೆ ಅವನ ಮೈಯ ಬಗ್ಗೆ ಹೇಳುವವರು ಇಂದಿಗೂ ಯಾರೂ ಇಲ್ಲ, ಅಪ್ಪನಂತೂ ಹೇಳುವುದಿಲ್ಲ.

ಜಗತ್ತು ಏನನ್ನುತ್ತದೆ

ವೈದ್ಯಕೀಯ ಲೋಕದಲ್ಲೂ ಒಮ್ಮತವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಸುನ್ನತಿಯ ಲಾಭ ಅದರ ಅಪಾಯಕ್ಕಿಂತ ಹೆಚ್ಚು ಎಂದಿತು, ಆದರೆ ಎಲ್ಲ ಕೂಸುಗಳಿಗೂ ಮಾಡಿಸಿ ಎನ್ನುವಷ್ಟು ಹೆಚ್ಚಲ್ಲ ಎಂದೂ ಸೇರಿಸಿತು. ಕೆನಡಾದ ಮಕ್ಕಳ ವೈದ್ಯರ ಸಂಘ 2015ರಲ್ಲಿ ವಾಡಿಕೆಯಾಗಿ ಎಲ್ಲರಿಗೂ ಮಾಡುವುದನ್ನು ಶಿಫಾರಸು ಮಾಡುವುದಿಲ್ಲ ಎಂದಿತು. ನೆದರ್ಲೆಂಡ್ಸ್‌ನ ವೈದ್ಯರ ಸಂಘ 2010ರಲ್ಲೇ ವೈದ್ಯಕೀಯ ಕಾರಣವಿಲ್ಲದೆ ಮಕ್ಕಳಿಗೆ ಮಾಡುವುದು ಅವರ ಮೈಯ ಮೇಲಿನ ಹಕ್ಕಿಗೆ ವಿರುದ್ಧ ಎಂದಿತ್ತು. ಎಲ್ಲರೂ ನೋಡಿದ್ದು ಹೆಚ್ಚುಕಡಿಮೆ ಅದೇ ಅಧ್ಯಯನಗಳನ್ನು. ತೂಗುವಾಗ ತಕ್ಕಡಿಯಲ್ಲಿ ಏನೇನು ಇಟ್ಟರು ಎಂಬಲ್ಲಿ ವ್ಯತ್ಯಾಸ.

ಅಂಕಿಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಸುನ್ನತಿಯಿಂದ ಕೂಸಿನ ಮೂತ್ರಸೋಂಕು ಕಡಿಮೆಯಾಗುವುದು ನಿಜ. ಆದರೆ ಆರೋಗ್ಯವಂತ ಗಂಡುಕೂಸುಗಳಲ್ಲಿ ಒಂದು ಸೋಂಕನ್ನು ತಪ್ಪಿಸಲು ಸುಮಾರು 111 ಕೂಸುಗಳಿಗೆ ಸುನ್ನತಿ ಮಾಡಬೇಕಾಗುತ್ತದೆ ಎಂದು 2005ರ ಒಂದು ವಿಶ್ಲೇಷಣೆ ಲೆಕ್ಕ ಹಾಕಿತು. ಅದೇ, ಮೂತ್ರವು ಮೂತ್ರಕೋಶದಿಂದ ಮೇಲಕ್ಕೆ, ಮೂತ್ರಪಿಂಡದ ಕಡೆಗೆ, ಹಿಮ್ಮೊಗವಾಗಿ ಹರಿಯುವ ತೀವ್ರ ತೊಂದರೆಯಿರುವ ಮಕ್ಕಳಲ್ಲಾದರೆ ನಾಲ್ಕೇ ಮಕ್ಕಳು. ಮೊದಲನೆಯ ಗುಂಪಿಗೆ ಇದು ಅತಿ, ಎರಡನೆಯ ಗುಂಪಿಗೆ ಮೂತ್ರಪಿಂಡ ಉಳಿಸುವ ಚಿಕಿತ್ಸೆ. ಹೌದು ಅಥವಾ ಅಲ್ಲ ಎಂದು ಒಂದೇ ಉತ್ತರ ಕೇಳುವವರು ಈ ವ್ಯತ್ಯಾಸವನ್ನೇ ಕಳೆದುಕೊಳ್ಳುತ್ತಾರೆ.

ಎಚ್‌ಐವಿಯ ವಿಷಯವೂ ಹೀಗೆಯೇ. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೆನ್ಯಾದ ಕಿಸುಮು, ಉಗಾಂಡಾದ ರಾಕಾಯ್‌ಗಳಲ್ಲಿ ನಡೆದು 2005ರಿಂದ 2007ರ ನಡುವೆ ಪ್ರಕಟವಾದ ಮೂರು ದೊಡ್ಡ ಪ್ರಯೋಗಗಳಲ್ಲಿ, ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ಹರಡುವ ಸಾಧ್ಯತೆ ಸುನ್ನತಿಯಾದ ವಯಸ್ಕರಲ್ಲಿ ಶೇ. 60ರ ಆಸುಪಾಸು ಕಡಿಮೆಯಾಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿದ್ದು ಸೋಂಕು ವಿಪರೀತವಾಗಿದ್ದು ಸುನ್ನತಿ ವಿರಳವಾಗಿರುವ ಪ್ರದೇಶಗಳಿಗೆ. ಭಾರತದ ವಯಸ್ಕರಲ್ಲಿ ಎಚ್‌ಐವಿ ಶೇ. 0.2ರ ಆಸುಪಾಸಿನಲ್ಲಿದೆ. ಬಾಗಲಕೋಟೆ, ಬೆಳಗಾವಿ ಕಡೆ ಸೋಂಕು ಜೋರಾಗಿದ್ದ ವರ್ಷಗಳನ್ನು ನಮ್ಮ ಭಾಗದವರು ಮರೆತಿಲ್ಲ. ಅದನ್ನು ಇಳಿಸಲು ಇಲ್ಲಿ ನೆಚ್ಚಿಕೊಂಡದ್ದು ಕಾಂಡೋಮ್, ರಕ್ತಪರೀಕ್ಷೆ, ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಗುಳಿಗೆಗಳನ್ನು. ಸುನ್ನತಿಯಾಗಿದೆ ಎಂದು ಕಾಂಡೋಮ್ ಬಿಡುವವನು ತನ್ನನ್ನೂ ಹೆಂಡತಿಯನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ಶಿಶ್ನದ ಕ್ಯಾನ್ಸರ್ ಅಪರೂಪದ ರೋಗ. ಬಾಲ್ಯದಲ್ಲಿ ಸುನ್ನತಿಯಾದವರಲ್ಲಿ ಅದು ಇನ್ನೂ ಅಪರೂಪ. ಆದರೆ ಅದಕ್ಕೆ ದೊಡ್ಡ ಕಾರಣಗಳು ವರ್ಷಗಟ್ಟಲೆ ಹಾಗೇ ಬಿಟ್ಟ ಫೈಮೋಸಿಸ್, ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್, ಬೀಡಿ-ಸಿಗರೇಟು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಬರುವುದು ಮುಂದೊಗಲು ಇದ್ದುದಕ್ಕಿಂತ, ಅದರಡಿ ಹುಣ್ಣಾಗಿದ್ದನ್ನು ಮುಚ್ಚಿಟ್ಟುಕೊಂಡದ್ದಕ್ಕೆ. ಮೂರು ವಾರದಲ್ಲಿ ಮಾಯದ ಯಾವ ಹುಣ್ಣನ್ನೂ, ಗಂಟನ್ನೂ ತೋರಿಸಲೇಬೇಕು.

ಮೈಯ ಈ ಭಾಗದ ಮೇಲೆ ಸಲ್ಲದ ಹೊಣೆ ಹೊರಿಸುವುದು ಹಳೆಯ ಚಾಳಿ. 1870ರಲ್ಲಿ ನ್ಯೂಯಾರ್ಕಿನ ಲೂಯಿಸ್ ಸೇಯರ್ ಎಂಬ ಶಸ್ತ್ರವೈದ್ಯ ಸುನ್ನತಿಯಿಂದ ಹುಡುಗನೊಬ್ಬನ ಕಾಲಿನ ಪಾರ್ಶ್ವವಾಯು ವಾಸಿಯಾಯಿತೆಂದು ಸಾರಿದ. ಹಸ್ತಮೈಥುನವನ್ನು ತಡೆಯಲೆಂದೂ ಆ ಕಾಲದ ವೈದ್ಯರು ಇದನ್ನು ಹೊಗಳಿದರು, ಹೀಗೆ ಅಮೆರಿಕದಲ್ಲಿ ಇದು ಧರ್ಮದ ಹಂಗಿಲ್ಲದೆ ಆಸ್ಪತ್ರೆಯ ವಾಡಿಕೆಯಾಯಿತು. 2025ರ ಅಕ್ಟೋಬರ್‌ನಲ್ಲಿ ಅದೇ ದೇಶದ ಆರೋಗ್ಯ ಸಚಿವ ರಾಬರ್ಟ್ ಕೆನಡಿ ಜೂನಿಯರ್ ತಿರುಗಾಮುರುಗಾ ಮಾತಾಡಿದರು: ಬೇಗ ಸುನ್ನತಿಯಾದ ಮಕ್ಕಳಲ್ಲಿ ಆಟಿಸಂ ಎರಡು ಪಟ್ಟು, ಅದಕ್ಕೆ ನೋವಿನ ಔಷಧ ಪ್ಯಾರಾಸಿಟಮಾಲ್ ಕಾರಣವಿರಬೇಕು ಎಂದು. ಇಂಥ ಮಾತಿಗೆ ಆಧಾರವಾಗಿ ತೋರಿಸುವ 2015ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಯಾವ ಮಗುವಿಗೆ ಯಾವ ನೋವಿನ ಔಷಧ ಕೊಟ್ಟರು ಎಂಬ ಮಾಹಿತಿಯೇ ಇರಲಿಲ್ಲ. ಅದನ್ನು ನಂಬಿ ಮಗುವಿಗೆ ನೋವಿನ ಔಷಧ ತಪ್ಪಿಸಿದರೆ ಮಗು ವಿನಾಕಾರಣ ನರಳುತ್ತದೆ.

ಖತ್ನಾ ಮಾಡಿಸುವ ಮನೆಗಳಿಗೆ

ಮುಸ್ಲಿಮರಿಗೆ ಇದು ಇಬ್ರಾಹಿಂ ಪ್ರವಾದಿಯಿಂದ ಬಂದ ಆಚರಣೆ. ಹನಫಿ ಪಂಥದವರು ಸುನ್ನತ್ (ಪ್ರವಾದಿಯ ಮೇಲ್ಪಂಕ್ತಿ) ಎಂದೂ ಶಾಫಿ ಪಂಥದವರು ಕಡ್ಡಾಯವೆಂದೂ ಪಾಲಿಸುತ್ತಾರೆ. ಯಹೂದಿಗಳು ಎಂಟನೆಯ ದಿನ ಮಾಡುತ್ತಾರೆ. ಇದನ್ನು ಕಾನೂನಿನಿಂದ ತಡೆಯಬೇಕೆಂಬ ವಾದವೂ ಇದೆ. 2012ರಲ್ಲಿ ಜರ್ಮನಿಯ ಕಲೋನ್ ನಗರದ ನ್ಯಾಯಾಲಯವೊಂದು ಮಗುವಿಗೆ ಧಾರ್ಮಿಕ ಸುನ್ನತಿ ಮಾಡುವುದು ದೈಹಿಕ ಹಾನಿ ಎಂದಿತು, ಅದೇ ವರ್ಷದ ಕೊನೆಗೆ ಅಲ್ಲಿನ ಸಂಸತ್ತು ಷರತ್ತುಗಳೊಂದಿಗೆ ಅದಕ್ಕೆ ಅವಕಾಶ ಕೊಡುವ ಕಾನೂನು ಮಾಡಿತು. 2023ರಲ್ಲಿ ಕೇರಳ ಹೈಕೋರ್ಟ್ ಇದನ್ನು ತಡೆಯಬೇಕೆಂದು ಕೋರಿದ ಒಂದು ಅರ್ಜಿಯನ್ನು ವಜಾ ಮಾಡಿತು.

ಮಗು ದೊಡ್ಡವನಾಗಿ ತಾನೇ ತೀರ್ಮಾನಿಸಲಿ ಎಂಬ ವಾದವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದು ಗೌರವದ ವಾದ. ಆದರೆ ನಮ್ಮಲ್ಲಿ ನಿಷೇಧದ ಮಾತೆತ್ತಿದರೆ ಆಗುವುದೊಂದೇ: ಆಸ್ಪತ್ರೆಯಲ್ಲಿ ಆಗುತ್ತಿರುವುದು ಮತ್ತೆ ಹಿತ್ತಲಿಗೆ ಹೋಗುತ್ತದೆ. ಗೇರ್ಡ್ನರ್ ಅದೇ 1949ರ ಲೇಖನದಲ್ಲಿ ಇಂಗ್ಲೆಂಡಿನಂಥ ದೇಶದಲ್ಲೂ ಸುನ್ನತಿಯಿಂದ ವರ್ಷಕ್ಕೆ ಸುಮಾರು 16 ಎಳೆಮಕ್ಕಳು ಸಾಯುತ್ತಿದ್ದರೆಂದು ತೋರಿಸಿದ್ದರು. ಇಂದು ತರಬೇತಾದ ಕೈಯಲ್ಲಿ ಗಂಭೀರ ಅಪಾಯ ಬಹಳ ಕಡಿಮೆ. ವಯಸ್ಸು ಹೆಚ್ಚಿದಂತೆ ಸಣ್ಣಪುಟ್ಟ ತೊಡಕು ಹೆಚ್ಚುತ್ತದೆ. 2010ರ ಒಂದು ಸಮೀಕ್ಷೆಯಲ್ಲಿ ಎಳೆಗೂಸುಗಳಲ್ಲಿ ಶೇ. 1.5ರಷ್ಟಿದ್ದದ್ದು ದೊಡ್ಡ ಮಕ್ಕಳಲ್ಲಿ ಶೇ. 6ರಷ್ಟಿತ್ತು.

ಮನೆಗೆ ಬರುವ ಹಜಾಮರ ಕೈಯಲ್ಲಾಗಲಿ, ಸಾಮೂಹಿಕ ಶಿಬಿರದಲ್ಲಾಗಲಿ ಮಾಡಿಸುವವರು ಮೂರು ಮಾತು ಕೇಳಲೇಬೇಕು. ಮಗುವಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೀರಾ? ಪ್ರತಿ ಮಗುವಿಗೂ ಬೇರೆಯೇ ಕುದಿಸಿದ ಉಪಕರಣ ಇದೆಯೇ? ರಕ್ತ ನಿಲ್ಲದಿದ್ದರೆ ಎಷ್ಟು ನಿಮಿಷದಲ್ಲಿ ಆಸ್ಪತ್ರೆ ಮುಟ್ಟುತ್ತೇವೆ? ಅದಕ್ಕೂ ಮೊದಲು ಮನೆಯವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ: ತಾಯಿಯ ಕಡೆಯ ಗಂಡಸರಲ್ಲಿ ಗಾಯವಾದರೆ ರಕ್ತ ನಿಲ್ಲದವರು ಯಾರಾದರೂ ಇದ್ದಾರೆಯೇ? ಹಿಮೋಫಿಲಿಯಾ ತಾಯಿಯಿಂದ ಮಗನಿಗೆ ಬರುವ ಕಾಯಿಲೆ, ಎಷ್ಟೋ ಹುಡುಗರಲ್ಲಿ ಅದು ಮೊದಲು ಗೊತ್ತಾಗುವುದು ಸುನ್ನತಿಯ ದಿನವೇ. ಯಹೂದಿಗಳ ಧರ್ಮಶಾಸ್ತ್ರ ಸುಮಾರು 1,800 ವರ್ಷಗಳ ಹಿಂದೆಯೇ, ಸುನ್ನತಿಯಿಂದ ಇಬ್ಬರು ಅಣ್ಣಂದಿರು ತೀರಿಕೊಂಡಿದ್ದರೆ ಮುಂದಿನ ಮಗನಿಗೆ ಮಾಡಬಾರದು ಎಂದು ವಿನಾಯಿತಿ ಕೊಟ್ಟಿತ್ತು. ಹಾವೇರಿಗೆ ಹತ್ತಿರದ ದಾವಣಗೆರೆಯಲ್ಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ಅನುಮಾನವಿದ್ದವರು ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಇನ್ನೊಂದು ಮಾತು ಬಿಡುವಂತಿಲ್ಲ. ಕೆಲವು ಕೂಸುಗಳಿಗೆ ಮುಂದೊಗಲು ಅರ್ಧವೇ ಇರುತ್ತದೆ, ಹುಟ್ಟುತ್ತಲೇ ಸುನ್ನತಿಯಾಗಿದೆ ಎಂದು ಹಿಗ್ಗುವ ಮನೆಗಳಿವೆ. ಅದು ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿರುವ ಹೈಪೊಸ್ಪಾಡಿಯಾಸ್ ಆಗಿರಬಹುದು. ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಉಳಿದ ಆ ತೊಗಲೇ ಬೇಕಾಗುತ್ತದೆ. ಅಂಥ ಮಗುವಿಗೆ ಮಕ್ಕಳ ಶಸ್ತ್ರಚಿಕಿತ್ಸಕರು ನೋಡುವ ತನಕ ಯಾರೂ ಕತ್ತರಿ ಮುಟ್ಟಿಸಬಾರದು.

ಮದುವೆ ಗೊತ್ತಾದ ಮೇಲೆ ಗಾಬರಿಯಾಗಿ ಮೊಬೈಲಿನಲ್ಲಿ ಹುಡುಕುವ ಹುಡುಗರಿಗೂ ಒಂದು ಮಾತು. ಅಲ್ಲಿ ಕಾಣುವ 'ಲೇಸರ್, ನೋವಿಲ್ಲ, ಮರುದಿನವೇ ಕೆಲಸಕ್ಕೆ' ಜಾಹೀರಾತುಗಳಲ್ಲಿ ಎಷ್ಟೋ ಕಡೆ ಬಳಸುವುದು ತೊಗಲನ್ನು ಕತ್ತರಿಸಿ ಪಿನ್ನು ಹಾಕುವ ಸ್ಟೇಪ್ಲರ್ ಉಪಕರಣವನ್ನು. ಉಪಕರಣ ಕೆಟ್ಟದ್ದೇನಲ್ಲ, ಆದರೆ ಹೊರಡುವ ಮೊದಲು ಮುಲಾಮಿನಿಂದ ಸಡಿಲವಾಗುವ ಬಿಗಿಯೇ, ತೊಗಲನ್ನು ಉಳಿಸಿಕೊಂಡು ಅಗಲ ಮಾಡುವ ಸಣ್ಣ ಶಸ್ತ್ರಚಿಕಿತ್ಸೆ ಸಾಕೇ ಎಂದು ಮೂತ್ರರೋಗ ತಜ್ಞರಲ್ಲಿ ಕೇಳಿ. ಬೆಳ್ಳಗೆ ಕಲೆಗಟ್ಟುವ ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮರೋಗವಾಗಿದ್ದರೆ ಹೆಚ್ಚಾಗಿ ಸುನ್ನತಿಯೇ ಬೇಕಾಗುತ್ತದೆ, ವೈದ್ಯರು ಹೇಳಿದರೆ ಅದನ್ನು ಮುಂದೂಡಬಾರದು. ಮಾಡಿಸಿಕೊಂಡ ಮೇಲೆ ಆರು ವಾರ ಲೈಂಗಿಕ ಸಂಪರ್ಕ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಲಗ್ನದ ತಾರೀಖನ್ನು ಎದುರಿಗಿಟ್ಟುಕೊಂಡು ದಿನ ಗೊತ್ತು ಮಾಡಬೇಕು. ಸುಖ ಕಡಿಮೆಯಾಗುತ್ತದೆ ಎಂಬ ಹೆದರಿಕೆಗೆ ಕೆನ್ಯಾ, ಉಗಾಂಡಾಗಳ ಪ್ರಯೋಗಗಳಲ್ಲಿ ಪುರಾವೆ ಸಿಗಲಿಲ್ಲ. ಹೆಚ್ಚಾಗುತ್ತದೆ ಎಂಬ ಜಾಹೀರಾತಿನ ಭರವಸೆಯನ್ನೂ ನಂಬಬೇಕಿಲ್ಲ.

ಇಷ್ಟರಲ್ಲಿ ನಮ್ಮ ಜಿಲ್ಲೆಗಳಲ್ಲಿ ನಾಳೆಯಿಂದಲೇ ಆಗಬಹುದಾದ ಕೆಲಸವೊಂದಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಿ ಕೂಸಿನ ತೂಕ, ಹೊಕ್ಕಳು, ಎದೆಹಾಲು ವಿಚಾರಿಸುತ್ತಾಳೆ. ಎಷ್ಟೋ ಸಲ ಎರೆಯುವಾಕೆಯೂ ಅಜ್ಜಿಯೂ ಅಲ್ಲೇ ಇರುತ್ತಾರೆ. ಗಂಡುಕೂಸಿದ್ದರೆ, 'ಮ್ಯಾಲಿಂದ ನೀರ್ ಹಾಕ್ರಿ ಸಾಕ್ರಿ ಅಮ್ಮಾರ, ಹಿಂದಕ್ಕ ಜಗ್ಗಬ್ಯಾಡ್ರಿ' ಎಂಬ ಒಂದು ಮಾತನ್ನು ಮೊದಲ ಭೇಟಿಯಲ್ಲೇ ಅವರ ಮುಂದೆ ಹೇಳಿಸಬಹುದು. ಅದಕ್ಕೆ ಹೊಸ ಯೋಜನೆಯೂ ಬೇಡ, ಅನುದಾನವೂ ಬೇಡ. ಧಾರವಾಡ, ಗದಗ, ಹಾವೇರಿಯ ಜಿಲ್ಲಾ ಆರೋಗ್ಯಾಧಿಕಾರಿಗಳು ಹೊರಡಿಸುವ ಒಂದು ಪುಟದ ಸುತ್ತೋಲೆ ಸಾಕು.